ಗುಳೆ ಮಕ್ಕಳ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ

ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಕಳೆದ ವರ್ಷ ಅಪಾರ್ಟ್‌ಮೆಂಟ್ ಕೆಲಸ ಶುರುವಾಯಿತು. ಮೊದಲು ಬೋರ್‌ವೆಲ್ ಲಾರಿ ಬಂತು, ಆಮೇಲೆ ಜೆಸಿಬಿ, ಆಮೇಲೆ ನೀಲಿ ಟಾರ್ಪಾಲು. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಬೆಳಿಗ್ಗೆ ನೋಡಿದರೆ ಕಾಂಪೌಂಡಿನ ಪಕ್ಕ ಐದಾರು ತಗಡಿನ ಶೆಡ್ಡು, ಹೊರಗೆ ಮೂರು ಕಲ್ಲಿನ ಒಲೆ, ಹಗ್ಗದ ಮೇಲೆ ಒಣಗಲು ಹಾಕಿದ ಕೌದಿ. ನಲ್ಲಿ ಹತ್ತಿರ ಹತ್ತು ವರ್ಷದ ಒಬ್ಬ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಡ ತುಂಬಿಸುತ್ತಿದ್ದಳು. ಕೊಡ ತುಂಬಿತು. ಈಗ ಎತ್ತುವುದು ಯಾವುದನ್ನು? ಒಂದು ಕ್ಷಣ ಯೋಚಿಸಿದಳು. ತಮ್ಮನನ್ನು ಕೆಳಗಿಳಿಸಿ ಕೊಡ ಎತ್ತಿಕೊಂಡಳು. ಅವನು ಅವಳ ಲಂಗ ಹಿಡಿದುಕೊಂಡು ಹಿಂದೆ ಹಿಂದೆ ನಡೆದ.

ಶಾಲೆಗೆ ಹೋಗಲ್ವಾ ಪುಟ್ಟಿ ಎಂದು ಕೇಳಿದೆ. "ಹೋಗ್ತೀನ್ರಿ. ಸಾಲಿ ಊರಾಗ ಐತ್ರಿ" ಅಂದಳು. ಐದನೇ ಕ್ಲಾಸಂತೆ. ಊರು ಯಾದಗಿರಿ ಜಿಲ್ಲೆಯ ಸುರಪುರದ ಕಡೆ.

ಆ ಉತ್ತರದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಅವಳ ತಮ್ಮನ ಹೆಸರು ಅಲ್ಲಿನ ಅಂಗನವಾಡಿಯಲ್ಲಿದೆ. ಮನೆಯ ರೇಷನ್ ಕಾರ್ಡು, ತಾಯಿಯ ವೋಟು ಎಲ್ಲವೂ ಅಲ್ಲೇ. ಸರ್ಕಾರದ ಕಂಪ್ಯೂಟರಿನಲ್ಲಿ ಈ ಹುಡುಗಿ ಒಬ್ಬ ವಿದ್ಯಾರ್ಥಿನಿ. ಬೆಂಗಳೂರಿನ ಈ ಸೈಟಿನಲ್ಲಿ ಅವಳು ಯಾರೂ ಅಲ್ಲ. ವಲಸೆ ಮಕ್ಕಳ ರಕ್ಷಣೆ ಎಂದಾಗ ನಮಗೆ ಸಾಮಾನ್ಯವಾಗಿ ರೈಲ್ವೆ ನಿಲ್ದಾಣದಲ್ಲಿ ಸಿಕ್ಕ ಒಂಟಿ ಹುಡುಗನೋ, ಯುದ್ಧದಿಂದ ಓಡಿಬಂದ ಕುಟುಂಬವೋ ನೆನಪಾಗುತ್ತದೆ. ನಮ್ಮ ರಾಜ್ಯದಲ್ಲಿ ಈ ಸಮಸ್ಯೆಯ ದೊಡ್ಡ ಪಾಲು ಇರುವುದು ಹೀಗೆ, ಅಪ್ಪ-ಅಮ್ಮನ ಜೊತೆಯಲ್ಲೇ, ನಮ್ಮ ಮನೆಯ ಹಿಂದೆಯೇ.

ಕಡತಗಳಲ್ಲಿ ಇದನ್ನು ವಲಸೆ ಅನ್ನುತ್ತಾರೆ. ಊರಲ್ಲಿ ಗುಳೆ ಅನ್ನುತ್ತಾರೆ. ಎರಡೂ ಬೇರೆ ಬೇರೆ. ವಲಸೆ ಹೋದವರು ಹೋದರು, ಹೋದಲ್ಲಿ ನೆಲೆ ಮಾಡಿಕೊಂಡರು. ಗುಳೆ ಹೋದವರು ತಿರುಗಿ ಬರುತ್ತಾರೆ, ಮುಂದಿನ ವರ್ಷ ಮತ್ತೆ ಹೋಗುತ್ತಾರೆ. ನಮ್ಮ ವ್ಯವಸ್ಥೆಗೆ 'ಇದ್ದಾರೆ' ಮತ್ತು 'ಹೋದರು' ಎಂಬ ಎರಡೇ ಕಾಲಂ ಗೊತ್ತು. ಐದಾರು ತಿಂಗಳು ಇದ್ದು ಐದಾರು ತಿಂಗಳು ಇಲ್ಲದವರಿಗೆ ಕಾಲಂ ಇಲ್ಲ.

ರಾಯಚೂರು, ಯಾದಗಿರಿ, ಕಲಬುರಗಿಯ ಒಣ ಹಳ್ಳಿಗಳಲ್ಲಿ ಮುಂಗಾರಿನ ಕೆಲಸ ಮುಗಿದ ಮೇಲೆ ಭೂಮಿ ಇಲ್ಲದವರಿಗೆ ಕೂಲಿ ಸಿಗುವುದಿಲ್ಲ. ಕೃಷ್ಣೆ ಪಕ್ಕದಲ್ಲೇ ಹರಿಯುತ್ತಾಳೆ. ನಾರಾಯಣಪುರದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ಕೊಡುತ್ತದೆ. ಆದರೆ ಕಾಲುವೆ ನೀರು ಹೊಲ ಇದ್ದವರಿಗೆ, ಅದೂ ಕಾಲುವೆ ಮುಟ್ಟಿದ ಹೊಲಕ್ಕೆ. ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವೇ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಕಳೆದ ಮೇಲೂ ಬೆಂಗಳೂರಿನ ಯಾವ ಶೆಡ್ಡಿನ ಮುಂದೆ ನಿಂತು ಊರು ಕೇಳಿದರೂ ಹೆಚ್ಚು ಕಡಿಮೆ ಅದೇ ಪಟ್ಟಿ ಓದಿದ ಹಾಗಾಗುತ್ತದೆ.

ಹೊರಡುವ ಕಾಲ ದೀಪಾವಳಿ ಆಸುಪಾಸು. ಜೋಳದ ಹಿಟ್ಟಿನ ಚೀಲ, ಕಟಿ ರೊಟ್ಟಿಯ ಗಂಟು, ಕೌದಿ, ಕೊಡ, ಮಕ್ಕಳು. ರಾತ್ರಿ ಬಸ್ಸು ಇಲ್ಲವೇ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. ತಿರುಗಿ ಬರುವುದು ಯುಗಾದಿಗೆ, ಕೆಲವರು ಕಾರಹುಣ್ಣಿಮೆ ಹೊತ್ತಿಗೆ. ಈಗ ಶಾಲೆಯ ಕ್ಯಾಲೆಂಡರ್ ನೋಡಿ. ಮೇ ಕೊನೆಗೆ ಬಾಗಿಲು ತೆರೆಯುತ್ತದೆ, ದಸರಾ ರಜೆ ಆದ ಮೇಲೆ ಎರಡನೇ ಅರ್ಧ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಅಂದರೆ ಈ ಮಕ್ಕಳಿಗೆ ಪ್ರತಿ ವರ್ಷವೂ ಮೊದಲರ್ಧ ಮಾತ್ರ ಶಾಲೆ. ಕೂಡುವುದು ಕಳೆಯುವುದು ಎರಡೆರಡು ಸಲ ಕಲಿತಿರುತ್ತಾರೆ, ಭಾಗಾಕಾರ ಬರುವ ಹೊತ್ತಿಗೆ ಊರು ಬಿಟ್ಟಿರುತ್ತಾರೆ. ಏಪ್ರಿಲ್‌ನಲ್ಲಿ ಹೆಸರು ಮುಂದಿನ ತರಗತಿಗೆ ದಾಟುತ್ತದೆ. ಮಗು ದಾಟಿರುವುದಿಲ್ಲ.

ಪಾಠ ಒಂದೇ ಹೋದರೆ ಅದು ಬೇರೆ ಮಾತು. ಊರ ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ಇತ್ತು, ಕ್ಷೀರಭಾಗ್ಯದ ಹಾಲಿತ್ತು. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆಯೂ ಬಂತು. ಸೈಟಿನಲ್ಲಿ ಆ ಜಾಗಕ್ಕೆ ಬಂದದ್ದು ಐದು ರೂಪಾಯಿಯ ಬಿಸ್ಕತ್ ಪ್ಯಾಕು. ಅದನ್ನೂ ತಮ್ಮನ ಜೊತೆ ಹಂಚಿಕೊಳ್ಳಬೇಕು.

ಕಾನೂನು ಇಲ್ಲದೆ ಹೀಗಾಗಿದೆಯೇ? ಖಂಡಿತ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ಮಕ್ಕಳನ್ನು ಮರೆತಿಲ್ಲ. ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು ಅದರ 9ನೇ ಸೆಕ್ಷನ್ನಿನಲ್ಲಿ ನೇರವಾಗಿ ಬರೆದಿದೆ. ಟಿ.ಸಿ. ಬರುವುದು ತಡವಾಯಿತೆಂದು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಜನನ ಪ್ರಮಾಣಪತ್ರ ಇಲ್ಲ ಎಂಬ ನೆಪವೂ ನಡೆಯುವುದಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದದ್ದನ್ನು ವಿಶೇಷ ತರಬೇತಿ ಕೊಟ್ಟು ತುಂಬಿಸಬೇಕು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಶಾಲೆ ಬಿಟ್ಟ ಮಕ್ಕಳ ಬಗ್ಗೆ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೇಸು ಕೈಗೆತ್ತಿಕೊಂಡ ಮೇಲೆ ಇಲ್ಲಿ ಲೆಕ್ಕ ಬದಲಾಯಿತು. ಮೊದಲು 60 ದಿನ ಬಾರದಿದ್ದರೆ ಮಗು ಶಾಲೆಯಿಂದ ಹೊರಗುಳಿದಿದೆ ಅನ್ನುತ್ತಿದ್ದರು. ಈಗ ಏಳು ದಿನ ಸಾಕು. ಏಳು ದಿನ ಮುನ್ಸೂಚನೆ ಇಲ್ಲದೆ ಬಾರದಿದ್ದರೆ ಹುಡುಕಿಕೊಂಡು ಹೋಗಬೇಕು.

ಹುಡುಕಿಕೊಂಡು ಹೋಗುವುದು ಎಲ್ಲಿಗೆ? ಇಲ್ಲಿದೆ ಗಂಟು.

ಒಬ್ಬ ಹಳ್ಳಿ ಹೆಡ್ ಮಾಸ್ಟರ ಜಾಗದಲ್ಲಿ ನಿಂತು ಯೋಚಿಸೋಣ. ದೀಪಾವಳಿ ರಜೆ ಮುಗಿದು ಬಂದು ನೋಡಿದರೆ ಮೂರನೇ ಒಂದು ಪಾಲು ಮಕ್ಕಳಿಲ್ಲ. ಮನೆಗೆ ಹೋದರೆ ಬೀಗ, ಇಲ್ಲವೇ ಅಜ್ಜಿ. ಅಜ್ಜಿಗೆ ಗೊತ್ತಿರುವುದು 'ಬೆಂಗ್ಳೂರಿಗೆ ಹೋಗ್ಯಾರ' ಅಂತ ಅಷ್ಟೇ. ಬೆಂಗಳೂರಿನಲ್ಲಿ ಎಲ್ಲಿ ಅಂದರೆ ಅಜ್ಜಿ ಏನು ಹೇಳಿಯಾಳು? ಮಾಸ್ತರು ಆ ಹೆಸರುಗಳನ್ನು ತೆಗೆದುಹಾಕಿದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬ ಲೆಕ್ಕದಲ್ಲಿ ಒಬ್ಬರು 'ಹೆಚ್ಚುವರಿ' ಆಗಿ ಬೇರೆ ಕಡೆ ಹೋಗುತ್ತಾರೆ. ಜೂನ್‌ನಲ್ಲಿ ಮಕ್ಕಳು ತಿರುಗಿ ಬಂದಾಗ ಪಾಠ ಹೇಳುವವರಿರುವುದಿಲ್ಲ. ಹಾಗಾಗಿ ಹೆಸರು ಉಳಿಯುತ್ತದೆ. ಹೆಸರು ಉಳಿಸಿದ್ದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಆ ಶಾಲೆಯನ್ನು ಉಳಿಸುವ ದಾರಿ ಅದೊಂದೇ. ಆದರೆ ಅದರಿಂದಾಗಿ ಒಂದು ಕೆಲಸ ಕೆಡುತ್ತದೆ. ಮಗು ಕಾಣೆಯಾದದ್ದು ದಾಖಲೆಯಲ್ಲಿ ಕಾಣುವುದಿಲ್ಲ. ದಾಖಲೆಯಲ್ಲಿ ಕಾಣದ ಮಗುವನ್ನು ಬೆಂಗಳೂರಿನ ಶಿಕ್ಷಣ ಇಲಾಖೆಯವರು ಹುಡುಕುವುದೂ ಇಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕದಲ್ಲಿ ಸರಿ ಇದ್ದಾರೆ.

ಪ್ರತಿ ವಿದ್ಯಾರ್ಥಿಗೂ ಆನ್‌ಲೈನ್ ನಂಬರ್ ಇದೆ, ಅದನ್ನು ಬೇರೆ ಶಾಲೆಗೆ ವರ್ಗಾಯಿಸಬಹುದು ಅನ್ನುತ್ತಾರೆ. ನಿಜ, ವರ್ಗಾಯಿಸಬಹುದು. ಆದರೆ ಐದು ತಿಂಗಳಿಗೆ ಹೋಗುವವರು ಟಿ.ಸಿ. ಕೇಳುವುದಿಲ್ಲ. ಅದರಲ್ಲೂ ಮೂರು ತಿಂಗಳು ಹೆಬ್ಬಾಳದ ಸೈಟು, ಎರಡು ತಿಂಗಳು ಸರ್ಜಾಪುರದ ಸೈಟು. ಪ್ಲಿಂತ್ ಮುಗಿದ ಗ್ಯಾಂಗು ಒಂದು ಕಡೆ, ಸೆಂಟ್ರಿಂಗಿನವರು ಇನ್ನೊಂದು ಕಡೆ. ಎಷ್ಟು ಸಲ ವರ್ಗಾಯಿಸುವುದು?

ಕಾರ್ಮಿಕ ಕಾನೂನಿನ ಕಡೆ ತಿರುಗಿದರೆ ಒಂದು ವಿಚಿತ್ರ ಸಿಗುತ್ತದೆ. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಬಂದ ಕಾಯ್ದೆಯ ಹೆಸರೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬರುವವರೆಗೆ ಅದು ಜಾರಿಯಲ್ಲಿತ್ತು. ರಾಜ್ಯದ ಗಡಿ ದಾಟಿದರೆ ಮಾತ್ರ ಅದರ ಕಣ್ಣಿಗೆ ನೀವು ವಲಸಿಗರಾಗುತ್ತಿದ್ದಿರಿ. ಅತ್ತಿಬೆಲೆಯಿಂದ ಗುತ್ತಿಗೆದಾರನ ಜೊತೆ ಹೊಸೂರಿಗೆ ಕೆಲಸಕ್ಕೆ ಹೋದರೆ ವಲಸಿಗ. ಸುರಪುರದಿಂದ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದರೆ ಅಲ್ಲ! ಆ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವಿತ್ತು. ಗುತ್ತಿಗೆದಾರ ಪ್ರತಿ ಕಾರ್ಮಿಕನಿಗೂ ಫೋಟೋ ಇರುವ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೆಲಸದ ಜಾಗ, ಕೂಲಿ, ಕಡಿತ ಎಲ್ಲ ಬರೆದಿರಬೇಕು. ಗುಳೆಯವರಿಗೆ ಆ ಪುಸ್ತಕ ಸಿಗಲೇ ಇಲ್ಲ.

ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ ಇತ್ತು, ಅದೂ 2025ರಲ್ಲಿ ಹೊಸ ಸಂಹಿತೆಗಳೊಳಗೆ ಸೇರಿಹೋಯಿತು. 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ, ನೋಡಿಕೊಳ್ಳುವವರು ಇರಬೇಕು ಎನ್ನುತ್ತಿತ್ತು. ನಮ್ಮ ಹಿಂದಿನ ಸೈಟಿನಂಥ ನಾಲ್ಕು ಮಹಡಿ ಕಟ್ಟಡದಲ್ಲಿ 50 ಹೆಂಗಸರು ಒಟ್ಟಿಗೆ ಇರುವುದೇ ಇಲ್ಲ. ದೊಡ್ಡ ಕಟ್ಟಡದಲ್ಲಿ ಇರುತ್ತಾರೆ, ಆದರೆ ಹತ್ತು ಮೇಸ್ತ್ರಿಗಳ ಹತ್ತು ಗ್ಯಾಂಗಾಗಿ. ಯಾರ ಪಟ್ಟಿಯಲ್ಲೂ 50 ತುಂಬುವುದಿಲ್ಲ. ದೆಹಲಿಯಲ್ಲಿ ಮೀರಾ ಮಹಾದೇವನ್ 1969ರಲ್ಲೇ ಕಟ್ಟಡದ ಜಾಗದಲ್ಲಿ ಡೇರೆ ಹಾಕಿ ಕೂಲಿಯವರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಶುರು ಮಾಡಿದ್ದರು. ಅದು ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಸೈಟು ಸರಿದ ಹಾಗೆ ಕೇಂದ್ರವೂ ಸರಿಯಬೇಕು ಎಂಬ ಸರಳ ವಿಚಾರ. ಅದು ಬಂದು ಅರ್ಧ ಶತಮಾನ ದಾಟಿದರೂ ಸಾಮಾನ್ಯ ಸೈಟಿನಲ್ಲಿ ಮಗು ಇರುವುದು ಮರಳಿನ ರಾಶಿಯ ಮೇಲೆ, ಮುಚ್ಚಳ ಇಲ್ಲದ ಸಂಪಿನ ಪಕ್ಕ. ಕಾಯಲು ಅಕ್ಕ.

ಕಬ್ಬಿನ ಸೀಮೆಯ ಕಥೆ ಇನ್ನೂ ಗಟ್ಟಿ. ಬೆಳಗಾವಿ, ಬಾಗಲಕೋಟೆ ಕಾರ್ಖಾನೆಗಳಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವವರ ಟೋಳಿಗಳು ಬರುತ್ತವೆ. ನಮ್ಮ ವಿಜಯಪುರ, ಕಲಬುರಗಿಯ ತಾಂಡಾಗಳಿಂದ ಮಹಾರಾಷ್ಟ್ರಕ್ಕೆ ಹೋಗುತ್ತವೆ. ಅಲ್ಲಿ ಲೆಕ್ಕ ತಲೆಗೆ ಇಷ್ಟು ಅಂತ ಇಲ್ಲ, ಕೊಯ್ತಾಕ್ಕೆ ಇಷ್ಟು ಅಂತ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಟೋಳಿ ಕರೆದೊಯ್ಯುವ ಮುಕಾದಮ ಮುಂಗಡ ಕೊಡುವುದು ಜೋಡಿಗೆ. ಒಂಟಿ ಹುಡುಗನಿಗೆ ಸಿಗುವ ಮುಂಗಡ ಕಡಿಮೆ. ಹೀಗಿರುವಾಗ ಹದಿನಾರರ ಹುಡುಗಿಯ ಮದುವೆ ಯಾಕೆ ಆಗುತ್ತದೆ ಅಂತ ಬೇರೆ ಹೇಳಬೇಕೇ? ಕರ್ನಾಟಕ 2016ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದಿತು. ಆ ಕಾನೂನು ಕಲ್ಯಾಣ ಮಂಟಪದ ಬಾಗಿಲು ಕಾಯುತ್ತದೆ. ಮದುವೆ ನಿಶ್ಚಯವಾಗುವುದು ಮುಕಾದಮನ ಲೆಕ್ಕದಲ್ಲಿ.

14ರಿಂದ 18ರ ವಯಸ್ಸೇ ಹೀಗೆ ಕಾನೂನುಗಳ ನಡುವಿನ ಸಂದಿ. ಶಿಕ್ಷಣ ಹಕ್ಕು 14ಕ್ಕೆ ಮುಗಿಯುತ್ತದೆ. ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ 18ಕ್ಕೆ ಶುರು. ನಡುವಿನ ನಾಲ್ಕು ವರ್ಷ ಇಟ್ಟಿಗೆ ಹೊತ್ತರೆ ಶಾಲೆಯವರೂ ಕೇಳುವುದಿಲ್ಲ, ಮಂಡಳಿಯವರೂ ಕೇಳುವುದಿಲ್ಲ.

ಮಕ್ಕಳ ರಕ್ಷಣಾ ವ್ಯವಸ್ಥೆ ಎಂದೇ ಒಂದು ಇದೆಯಲ್ಲ, ಮಕ್ಕಳ ಸಹಾಯವಾಣಿ 1098 ಇದೆ, ಪ್ರತಿ ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ ಎಂದು ಕೇಳಬಹುದು. ಅದು ಎಚ್ಚರವಾಗುವುದು ಮಗು ಒಂಟಿಯಾಗಿ ಸಿಕ್ಕಾಗ, ಹೊಡೆತ ತಿಂದಾಗ, ಕಾಣೆಯಾದಾಗ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು ಎಂಬ ನಿಯಮ ಒಳ್ಳೆಯದೇ. ಆದರೆ ಅಪ್ಪ-ಅಮ್ಮನ ಕಣ್ಣೆದುರಿಗೇ ನಿಧಾನವಾಗಿ ಶಾಲೆ, ಊಟ, ಆಟ ಎಲ್ಲ ಕಳೆದುಕೊಳ್ಳುವ ಮಗುವಿಗೆ ಯಾರೂ ಫೋನ್ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಮಾಡಿ ಏನಂತ ಹೇಳುವುದು? ನಲ್ಲಿ ಹತ್ತಿರ ಹುಡುಗಿ ಕೊಡ ತುಂಬಿಸುತ್ತಿದ್ದಾಳೆ ಅಂತಲೇ?

ಒಂದು ಪುಟ್ಟ ವಸ್ತು ಮಾತ್ರ ಈ ಮಕ್ಕಳ ಜೊತೆ ನಿಜವಾಗಿ ಪ್ರಯಾಣ ಮಾಡುತ್ತದೆ. ತಾಯಿ ಕಾರ್ಡು. ಆ ಹುಡುಗಿಯ ತಾಯಿ ಒಂದು ದಿನ ಲಸಿಕೆ ಎಲ್ಲಿ ಹಾಕುತ್ತಾರೆ ಎಂದು ಕೇಳಲು ಬಂದಾಗ ತೋರಿಸಿದರು. ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಮಡಚಿ ಮೆತ್ತಗಾದ ಕಾರ್ಡು, ಮೂಲೆಗೆ ಅರಿಶಿನದ ಕಲೆ. ಮೊದಲ ಮೂರು ಲಸಿಕೆಗೆ ಊರಿನ ಉಪಕೇಂದ್ರದ ಸಿಸ್ಟರ್ ನೀಲಿ ಇಂಕಿನಲ್ಲಿ ತಾರೀಕು ಬರೆದಿದ್ದಾರೆ. ಮುಂದಿನದು ಬೇರೆ ಅಕ್ಷರ, ಕಪ್ಪು ಇಂಕು, ಹೋದ ವರ್ಷದ ಸೈಟಿನ ಹತ್ತಿರದ ಆಸ್ಪತ್ರೆಯದು. ಯಾವ ಸಿಸ್ಟರೂ 'ನಿಮ್ಮ ಊರಿಗೆ ಹೋಗಿ ಹಾಕಿಸಿಕೊಳ್ಳಿ' ಅಂದಿಲ್ಲ. ಕಾರ್ಡು ತಂದರೆ ಸಾಕು, ಖಾಲಿ ಇರುವ ಮುಂದಿನ ಮನೆ ತುಂಬುತ್ತಾರೆ.

ಅಕ್ಕಿಯೂ ಹೀಗೆ ಪ್ರಯಾಣ ಕಲಿತಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ 2022ರ ಹೊತ್ತಿಗೆ ಎಲ್ಲ ರಾಜ್ಯಕ್ಕೂ ಬಂತು. ಯಾವ ಅಂಗಡಿಯಲ್ಲಾದರೂ ಬೆರಳೊತ್ತಿ ಧಾನ್ಯ ತರಬಹುದು. ಊರಲ್ಲಿ ಅಜ್ಜಿ ಅರ್ಧ, ಇಲ್ಲಿ ಮಗ ಅರ್ಧ ತೆಗೆದುಕೊಳ್ಳಬಹುದು. ಅಕ್ಕಿಗೆ ಆದದ್ದು, ಲಸಿಕೆಗೆ ಆದದ್ದು ಪಾಠಕ್ಕೆ ಯಾಕೆ ಆಗಿಲ್ಲ? ಲಸಿಕೆಗೆ ಹತ್ತು ನಿಮಿಷ ಸಾಕು, ಪಾಠಕ್ಕೆ ದಿನಾ ಐದಾರು ಗಂಟೆ ಒಂದು ಕಡೆ ಕೂರಬೇಕು ಎಂಬುದು ಒಂದು ಉತ್ತರ. ಹಾಗಾಗಿ ಮಗುವಿನ ಹಿಂದೆ ಶಾಲೆಯನ್ನು ಓಡಿಸುವುದಕ್ಕಿಂತ, ಎಷ್ಟು ಮಕ್ಕಳನ್ನು ಓಡದ ಹಾಗೆ ಇಟ್ಟುಕೊಳ್ಳಬಹುದು ಎಂದು ಮೊದಲು ನೋಡಬೇಕು ಅಂತ ನನ್ನ ಅಭಿಪ್ರಾಯ.

ನಮ್ಮಲ್ಲಿ ಮೊದಲು ನೆನಪಾಗುವುದು ಟೆಂಟ್ ಶಾಲೆ. ಇರಲಿ, ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಟೆಂಟ್ ಶಾಲೆಯಲ್ಲಿ ಐದರ ಮಗುವಿಗೂ ಹನ್ನೆರಡರ ಹುಡುಗನಿಗೂ ಒಬ್ಬರೇ ಟೀಚರ್. ಸೈಟು ಮುಗಿದರೆ ಶಾಲೆಯೂ ಮುಗಿಯಿತು. ಒಡಿಶಾದ ಬಲಾಂಗೀರ್, ನುವಾಪಡಾ ಜಿಲ್ಲೆಗಳವರು ಇಟ್ಟಿಗೆ ಗೂಡಿಗೆ ಗುಳೆ ಹೋಗುತ್ತಾರೆ. ಅಲ್ಲಿ ಬೇರೆ ದಾರಿ ಹಿಡಿದರು. ಹೋಗುವ ಕಾಲಕ್ಕೆ ಊರಲ್ಲೇ ಹಂಗಾಮಿ ಹಾಸ್ಟೆಲ್. ಮಗು ತನ್ನದೇ ಶಾಲೆಗೆ ಹೋಗುತ್ತದೆ, ರಾತ್ರಿ ಮಲಗುವುದು ಮತ್ತು ಊಟ ಮಾತ್ರ ಹಾಸ್ಟೆಲಿನಲ್ಲಿ. ಅಪ್ಪ-ಅಮ್ಮ ಬಂದ ಮೇಲೆ ಮನೆಗೆ. ಮಹಾರಾಷ್ಟ್ರವೂ ಕಬ್ಬಿನವರ ಮಕ್ಕಳಿಗೆ ಇದನ್ನೇ ಮಾಡಿತು. ಹಾಸ್ಟೆಲ್ ಬೇಡ, ಅಜ್ಜಿ ಮನೆಯೇ ಸಾಕು ಅನ್ನುವ ಮಗುವಿಗೆ ಅಜ್ಜಿಯ ಕೈಗೇ ಊಟದ ಖರ್ಚು ಕೊಟ್ಟರೂ ಆಯಿತು. ಎಷ್ಟೋ ತಾಯಂದಿರು ಮಗಳನ್ನು ಜೊತೆಗೆ ಕರೆದುಕೊಂಡು ಬರುವುದು ಊರಲ್ಲಿ ಬಿಟ್ಟರೆ ಅವಳ ಗತಿ ಏನು ಎಂಬ ಭಯದಿಂದ.

ಇದರಲ್ಲೂ ನೋವಿದೆ. ಆರು ವರ್ಷದ ಕೂಸನ್ನು ಅಮ್ಮನಿಂದ ಐದು ತಿಂಗಳು ದೂರ ಇಡುವುದು ಸುಮ್ನೆ ಮಾತಲ್ಲ. ಚಿಕ್ಕವರು ಅಮ್ಮನ ಜೊತೆಯೇ ಇರಲಿ, ಅವರಿಗೆ ಬೇಕಾದ್ದು ಸೈಟಿನಲ್ಲಿ ಶಿಶುಪಾಲನಾ ಕೇಂದ್ರ ಮತ್ತು ಹತ್ತಿರದ ಅಂಗನವಾಡಿಯ ಬಾಗಿಲು. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಉದ್ಯೋಗ ಖಾತ್ರಿ ಕೂಲಿಯವರ ಮಕ್ಕಳಿಗೆ 4,000 ಪಂಚಾಯಿತಿಗಳಲ್ಲಿ ಕೂಸಿನ ಮನೆ ಘೋಷಿಸಿತು. ಒಳ್ಳೆಯ ಹೆಸರು, ಒಳ್ಳೆಯ ಕೆಲಸ. ಅದು ಕೂಸು ಊರಲ್ಲಿದ್ದರೆ. ಕೂಸು ನಗರಕ್ಕೆ ಹೊರಟ ದಿನ ಕೂಸಿನ ಮನೆ ಊರಲ್ಲೇ ಉಳಿಯುತ್ತದೆ. ಅಕ್ಕ ಶಾಲೆಗೆ ಹೋಗಬೇಕೆಂದರೆ ಮೊದಲು ತಮ್ಮನಿಗೆ ಜಾಗ ಬೇಕು. ಈ ಒಂದು ಮಾತನ್ನು ಶಿಕ್ಷಣ ಇಲಾಖೆ ಮತ್ತು ಮಹಿಳಾ ಮಕ್ಕಳ ಇಲಾಖೆ ಒಟ್ಟಿಗೆ ಕೂತು ಓದಿಕೊಂಡರೆ ಅರ್ಧ ಕೆಲಸ ಆಗುತ್ತದೆ.

ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ಭಾಷೆಯ ಗೋಡೆ ಬೇರೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ಶುರುವಾದ ರೋಶ್ನಿ ಯೋಜನೆಯಲ್ಲಿ ಹಿಂದಿ, ಬಂಗಾಳಿ, ಒಡಿಯಾ ಬಲ್ಲವರನ್ನು ಶಾಲೆಗೆ ತಂದು ಆ ಮಕ್ಕಳಿಗೆ ಮಲಯಾಳಂ ಕಲಿಸಿದರು. ಬೆಂಗಳೂರಿನ ಸರ್ಕಾರಿ ಶಾಲೆಗಳಿಗೂ ಬಿಹಾರದ, ನೇಪಾಳದ ಮಕ್ಕಳು ಬರುತ್ತಿದ್ದಾರೆ. ನಲಿ-ಕಲಿ ಕಾರ್ಡು ಹಿಡಿದು ಕನ್ನಡ ಕಲಿಯುತ್ತಿದ್ದಾರೆ. ಸುರಪುರದ ಹುಡುಗಿಗೆ ಭಾಷೆಯ ತೊಂದರೆ ಇಲ್ಲ ಅಂತೀರಾ? 'ಸಾಲಿ' ಅಂದರೆ ನಗುವ ಮಕ್ಕಳು ಇಲ್ಲೂ ಇದ್ದಾರೆ.

ಇಷ್ಟೆಲ್ಲ ಆಗಿ ಮಗು ಹೇಗೋ ಹತ್ತಿರದ ಶಾಲೆಗೆ ಸೇರಿತು ಅಂದುಕೊಳ್ಳಿ. ಶೆಡ್ಡೇ ನಾಳೆ ಇರುತ್ತದೆಂದು ಹೇಳುವ ಹಾಗಿಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಅಕ್ರಮವಾಗಿ ಬಂದ ಬಾಂಗ್ಲಾದೇಶಿಗಳು ಎಂಬ ಆರೋಪ. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ವೋಟರ್ ಕಾರ್ಡ್ ಹಿಡಿದು ತೋರಿಸಿದರು. ಹೈಕೋರ್ಟ್ ಮಧ್ಯೆ ಬಂದು ತೆರವನ್ನು ತಡೆಯಿತು, ಪುನರ್ವಸತಿಯ ಮಾತೂ ಬಂತು. ಅಷ್ಟರಲ್ಲಿ ಮನೆ ಹೋಗಿತ್ತು. ಕನ್ನಡ ನಾಡಿನಲ್ಲೇ ಕನ್ನಡಿಗ ಮಗು ಎಲ್ಲಿಯದೆಂದು ಸಾಬೀತು ಮಾಡಬೇಕಾದ ಸ್ಥಿತಿ ಅದು.

ಎಣಿಕೆಯ ಮಾತೂ ಇದಕ್ಕೆ ಅಂಟಿಕೊಂಡಿದೆ. 2011ರ ಜನಗಣತಿ ಪ್ರಕಾರ ದೇಶದೊಳಗೆ ಜಾಗ ಬದಲಿಸಿದವರು 45 ಕೋಟಿ. ಅದರಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋದವರೂ ಸೇರಿದ್ದಾರೆ. ಐದು ತಿಂಗಳ ಗುಳೆಯವರು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಮುಂದಿನ ಗಣತಿಗೆ ಇಟ್ಟಿರುವ ಆಧಾರ ದಿನ 2027ರ ಮಾರ್ಚ್ 1. ಆ ಹೊತ್ತಿಗೆ ಗುಳೆಯವರು ಇನ್ನೂ ಶೆಡ್ಡಿನಲ್ಲಿ, ಕಬ್ಬಿನ ಗದ್ದೆಯಲ್ಲಿ ಇರುತ್ತಾರೆ. ಊರಿಗೆ ಹೋದ ಗಣತಿದಾರರಿಗೆ ಬೀಗ ಕಾಣುತ್ತದೆ. ಸೈಟಿಗೆ ಹೋಗುವವರು ಯಾರು?

ಹಾಗಾದರೆ ಈ ಮಕ್ಕಳ ಸರಿಯಾದ ಲೆಕ್ಕ ಯಾರ ಹತ್ತಿರವೂ ಇಲ್ಲವೇ? ಇದೆ. ಮೇಸ್ತ್ರಿಯ ಹತ್ತಿರ ಇದೆ. ಗಣೇಶನ ಹಬ್ಬದಿಂದ ದಸರಾದೊಳಗೆ ಅವನು ಊರಿಗೆ ಬಂದು ಮುಂಗಡ ಕೊಡುತ್ತಾನೆ. ಯಾರ ಮನೆಯಲ್ಲಿ ಮದುವೆ ಸಾಲ, ಯಾರಿಗೆ ಆಸ್ಪತ್ರೆ ಖರ್ಚು ಎಲ್ಲ ಅವನಿಗೆ ಗೊತ್ತು. ಯಾವ ಮನೆಯಿಂದ ಎಷ್ಟು ಜನ, ಅದರಲ್ಲಿ ದುಡಿಯುವ ಕೈ ಎಷ್ಟು, ಎತ್ತಿಕೊಳ್ಳುವ ಮಗು ಎಷ್ಟು ಎಂದು ಅವನ ಉದ್ದನೆಯ ನೋಟ್ ಪುಸ್ತಕದಲ್ಲಿರುತ್ತದೆ. ಬಸ್ಸಿನ ಸೀಟಿಗೆ, ಶೆಡ್ಡಿನ ಅಳತೆಗೆ ಅವನಿಗೆ ಆ ಲೆಕ್ಕ ಬೇಕು. ಮುಂಗಡ ಕೊಟ್ಟು ಕೂಡಿಹಾಕಿ ದುಡಿಸಿಕೊಂಡರೆ ಅದು 1976ರ ಕಾಯ್ದೆ ಪ್ರಕಾರ ಜೀತ, ಅದನ್ನು ಹಾಗೇ ನೋಡಬೇಕು. ಆದರೆ ಜೀತ ಅಲ್ಲದ ಕಡೆಯೂ ಪುಸ್ತಕ ಇದೆ. ಆ ಪುಸ್ತಕದ ಒಂದು ಪ್ರತಿ ಬಸ್ಸು ಹತ್ತುವ ಮೊದಲು ಗ್ರಾಮ ಪಂಚಾಯಿತಿಗೆ ಬರಲಿ, ಅದರಲ್ಲಿ ಮಕ್ಕಳ ಹೆಸರು, ವಯಸ್ಸು, ಹೋಗುವ ಸೈಟು, ಕಟ್ಟಡದ ಮಾಲೀಕರ ಫೋನ್ ನಂಬರ್ ಇರಲಿ ಎಂಬ ನಿಯಮ ಮಾಡಲು ಹೊಸ ಆ್ಯಪ್ ಬೇಕಿಲ್ಲ. 1979ರ ಪಾಸ್‌ಬುಕ್ಕಿಗೆ ಮರುಜೀವ ಕೊಟ್ಟು ರಾಜ್ಯದೊಳಗಿನವರನ್ನೂ ಸೇರಿಸಿ, ಮಕ್ಕಳಿಗೊಂದು ಕಾಲಂ ಹಾಕಿದರೆ ಅದೇ ಇದು. ಪ್ರತಿ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ಆದೇಶ 2006ರಿಂದಲೂ ಇದೆ. ಅದನ್ನು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಮಕ್ಕಳ ದಿನಾಚರಣೆ ಆಸುಪಾಸು ಶುರು ಮಾಡುತ್ತಾರೆ. ಗುಳೆ ಊರುಗಳಲ್ಲಿ ಅಷ್ಟೊತ್ತಿಗೆ ಸಭೆಗೆ ಬರಬೇಕಾದ ಮಕ್ಕಳು ಹೋಗಿಯಾಗಿರುತ್ತದೆ. ಸೆಪ್ಟೆಂಬರ್‌ಗೆ ತಂದರೆ ಯಾರು ಹೋಗುತ್ತಾರೆ, ಯಾರಿಗೆ ಹಾಸ್ಟೆಲ್ ಬೇಕು, ಯಾರಿಗೆ ಅಜ್ಜಿ ಇದ್ದಾಳೆ ಎಂದು ಮಕ್ಕಳೇ ಹೇಳುತ್ತಾರೆ.

ಫೆಬ್ರವರಿಯಲ್ಲಿ ನಮ್ಮ ಹಿಂದಿನ ಕಟ್ಟಡದ ನಾಲ್ಕನೇ ಸ್ಲ್ಯಾಬ್ ಬಿತ್ತು. ಪ್ಲಾಸ್ಟರಿಂಗಿಗೆ ಬೇರೆ ಗ್ಯಾಂಗು ಬಂತು. ಒಂದು ಭಾನುವಾರ ಬೆಳಿಗ್ಗೆ ತಗಡುಗಳನ್ನು ಟೆಂಪೋಗೆ ಹಾಕುತ್ತಿದ್ದರು. ಹುಡುಗಿ ಕೊಡದೊಳಗೆ ಪಾತ್ರೆ ತುಂಬಿಸಿ ಟೆಂಪೋ ಪಕ್ಕ ನಿಂತಿದ್ದಳು, ತಮ್ಮ ಆಗಲೇ ಮೇಲೆ ಕೂತಿದ್ದ. ಎಲ್ಲಿಗೆ ಹೋಗ್ತಿದ್ದೀರಿ ಎಂದು ಅವಳ ತಾಯಿಯನ್ನು ಕೇಳಿದೆ. ಅವರು ಡ್ರೈವರ್ ಪಕ್ಕದ ಸೀಟಿನ ಕಡೆ ಕೈ ತೋರಿಸಿದರು.

"ಮೇಸ್ತ್ರಿಗೆ ಗೊತ್ರಿ" ಅಂದರು.